ರಾಷ್ಟ್ರನಾಯಕರ ಚರಿತ್ರೆಯೂ ಬಾಲಕರ ಓದುಬರಹವೂ

ಹೊರನಾಡಿನ ಕನ್ನಡ ಸಂಘಗಳು ಗಾಂಧೀಜಯಂತಿಯ ಸಂದರ್ಭದಲ್ಲಿ ಮಕ್ಕಳಿಗಾಗಿ ಏರ್ಪಡಿಸುವ ಪ್ರಬಂಧ ಸ್ಪರ್ಧೆಗಳ ಹಾಳೆಗಳನ್ನು ತಿದ್ದಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹತ್ತು ಮಕ್ಕಳ ಹಾಳೆಗಳಲ್ಲಿ ಇರುವುದು ಒಂದೇ ಪ್ರಬಂಧ. ಹುಟ್ಟಿದ ಊರು, ತಂದೆತಾಯಿಗಳ ಹೆಸರು, ಸತ್ಯ, ಅಹಿಂಸೆ, ಸರಳತೆಯೆಂಬ ಮೂರು ಗುಣಗಳು, ದಂಡಿಯ ಯಾತ್ರೆ, ಕಡೆಗೆ ನಾವೂ ಅವರಂತೆಯೇ ಬಾಳೋಣವೆಂಬ ಸಂಕಲ್ಪ. ಗಾಂಧಿಯವರ ಹೆಸರನ್ನು ಅಳಿಸಿ ಅಲ್ಲಿ ಬೇರೊಬ್ಬ ನಾಯಕರ ಹೆಸರನ್ನು ಬರೆದರೂ ಮುಕ್ಕಾಲು ಪಾಲು ಬರಹ ಅಲುಗಾಡದೆ ನಿಲ್ಲುತ್ತದೆ. ಸಾಲದ ಅರ್ಜಿಗಳನ್ನು ಓದುವುದು ನನ್ನ ವೃತ್ತಿ. ಅರ್ಜಿದಾರನು ತನ್ನನ್ನು ಪ್ರಾಮಾಣಿಕನೆಂದೂ ಶ್ರಮಜೀವಿಯೆಂದೂ ಎಷ್ಟೇ ಬಣ್ಣಿಸಿಕೊಳ್ಳಲಿ, ನಾವು ನೋಡುವುದು ತಾರೀಖು, ಮೊತ್ತ ಮತ್ತು ಹಿಂದಿನ ಲೆಕ್ಕಗಳನ್ನು. ನಮ್ಮ ಮಕ್ಕಳ ಕೈಗೆ ನಾಯಕರ ವಿಷಯವಾಗಿ ನಾವು ಕೊಡುತ್ತಿರುವುದಾದರೋ ಬರಿಯ ವಿಶೇಷಣಗಳು. ಮಗು ಅವನ್ನು ನಕಲು ಮಾಡುತ್ತದೆ. ಅನೇಕ ವೇಳೆ ತಾಯಿಯೋ ತಂದೆಯೋ ಬರೆದುಕೊಟ್ಟದ್ದನ್ನು ಅಂದವಾಗಿ ಎತ್ತಿ ಬರೆಯುತ್ತದೆ.

ಇದರಲ್ಲಿರುವ ವಿಪರ್ಯಾಸವನ್ನು ಗಾಂಧಿಯವರ ಆತ್ಮಕಥೆಯನ್ನು ಓದಿದವರು ಕೂಡಲೇ ಗುರುತಿಸಬಲ್ಲರು. ರಾಜಕೋಟೆಯ ಹೈಸ್ಕೂಲಿನ ಮೊದಲ ವರ್ಷದಲ್ಲಿ ಜೈಲ್ಸ್ ಎಂಬ ಇನ್ಸ್‌ಪೆಕ್ಟರರು ತಪಾಸಣೆಗೆ ಬಂದು ಐದು ಇಂಗ್ಲಿಷ್ ಪದಗಳನ್ನು ಹೇಳಿ ಬರೆಯಿಸಿದರು. ಅವುಗಳಲ್ಲಿ 'ಕೆಟಲ್' ಎಂಬುದನ್ನು ಬಾಲಕ ಮೋಹನದಾಸನು ತಪ್ಪಾಗಿ ಬರೆದನು. ಪಕ್ಕದವನ ಹಲಗೆಯನ್ನು ನೋಡಿ ತಿದ್ದಿಕೊಳ್ಳೆಂದು ಉಪಾಧ್ಯಾಯರು ಬೂಟಿನ ತುದಿಯಿಂದ ಸನ್ನೆ ಮಾಡಿದರು. ನಕಲು ಮಾಡದಂತೆ ಕಾಯುವುದಕ್ಕೇ ಅವರು ಅಲ್ಲಿರುವುದೆಂದು ನಂಬಿದ್ದ ಹುಡುಗನಿಗೆ ಆ ಸನ್ನೆ ಅರ್ಥವೇ ಆಗಲಿಲ್ಲ. ಉಳಿದವರೆಲ್ಲರೂ ಐದನ್ನೂ ಸರಿಯಾಗಿ ಬರೆದಿದ್ದರು, ಇವನೊಬ್ಬನೇ ದಡ್ಡನೆನಿಸಿಕೊಂಡನು. ಹಾಗಿದ್ದೂ ಆ ಗುರುಗಳ ಮೇಲಿನ ತಮ್ಮ ಗೌರವ ಕುಂದಲಿಲ್ಲವೆಂದು ಗಾಂಧಿಯವರು ಹೇಳಿಕೊಂಡಿದ್ದಾರೆ. ನಕಲು ಮಾಡಲು ತಿಳಿಯದ ಈ ಬಾಲಕನ ಚರಿತ್ರೆಯನ್ನೇ ನಮ್ಮ ಮಕ್ಕಳಿಂದ ನಕಲು ಮಾಡಿಸಿ ನಾವು ಬಹುಮಾನ ಹಂಚುತ್ತಿದ್ದೇವೆ. ಇನ್ಸ್‌ಪೆಕ್ಟರರ ಎದುರಿನಲ್ಲಿ ತರಗತಿಯ ಮಾನ ಉಳಿಯಬೇಕೆಂಬ ಆ ಉಪಾಧ್ಯಾಯರ ಆತಂಕವೂ, ವೇದಿಕೆಯ ಮೇಲೆ ತಮ್ಮ ಮಗುವಿನ ಕನ್ನಡ ಕಳಪೆಯೆನಿಸಬಾರದೆಂಬ ಹೊರನಾಡ ತಂದೆತಾಯಿಗಳ ಆತಂಕವೂ ಒಂದೇ ಜಾತಿಯವು.

ಆದುದರಿಂದ ನಾಯಕರ ಪರಿಚಯವನ್ನು ಅವರ ಸ್ವಂತ ಬರಹದಿಂದಲೇ ಆರಂಭಿಸಬೇಕೆಂಬುದು ನನ್ನ ವಾದ. ಇದಕ್ಕೆ ನರೋಡಾದ ಕನ್ನಡ ಮಗುವಿಗಿರುವ ಅನುಕೂಲ ಬೆಂಗಳೂರಿನ ಮಗುವಿಗೂ ಇಲ್ಲ. ಈ ಆತ್ಮಕಥೆ ಹುಟ್ಟಿದ್ದು ಗುಜರಾತಿಯಲ್ಲಿ. 1925ರಿಂದ 1929ರವರೆಗೆ ಕಂತುಕಂತಾಗಿ ಪ್ರಕಟವಾದದ್ದು ಇದೇ ಅಹಮದಾಬಾದಿನ 'ನವಜೀವನ' ಪತ್ರಿಕೆಯಲ್ಲಿ. ಅದನ್ನು ಕನ್ನಡಕ್ಕೆ ತಂದ ಗೊರೂರು ರಾಮಸ್ವಾಮಿ ಅಯ್ಯಂಗಾರರು ತಾರುಣ್ಯದಲ್ಲಿ ಇಲ್ಲಿನ ಗುಜರಾತ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿದವರು. ಶಾಲೆಯಲ್ಲಿ ಗುಜರಾತಿಯನ್ನು ಕಲಿಯುವ ನಮ್ಮ ಮಗು ಮೂಲದ ಒಂದು ಪ್ರಕರಣವನ್ನು ತಾನೇ ಓದಬಲ್ಲುದು; ಬಳಿಕ ಅದೇ ಪ್ರಕರಣವನ್ನು ಗೊರೂರರ ಕನ್ನಡದಲ್ಲಿ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಓದಬಹುದು. ಅಷ್ಟು ಕನ್ನಡ ಈ ಮಕ್ಕಳಿಗೆಲ್ಲಿ ಬರುತ್ತದೆಂಬ ಆಕ್ಷೇಪ ಸಹಜವೇ. ಆದರೆ ಪ್ರಕರಣಗಳು ಚಿಕ್ಕವು, ಕಥೆ ಆಗಲೇ ತಿಳಿದದ್ದು, ಎರಡು ಭಾಷೆಗಳಿಗೂ ಸಾಮಾನ್ಯವಾದ ಸಂಸ್ಕೃತ ಪದಗಳು ಹೇರಳ. ಗೊತ್ತಿರುವ ಭಾಷೆಯ ಕೈಹಿಡಿದು ಗೊತ್ತಿಲ್ಲದ ಭಾಷೆಗೆ ಹೋಗುವುದು ಕಷ್ಟವಲ್ಲ. ನಮ್ಮ ಮಕ್ಕಳ ವಿಷಯದಲ್ಲಿ ಆ ಗೊತ್ತಿಲ್ಲದ ಭಾಷೆ ಕನ್ನಡವಾಗಿದೆಯೆಂಬುದಷ್ಟೇ ನೋವಿನ ಮಾತು.

ಓದಿದ ಮೇಲೆ ಬರೆಯಿಸಬೇಕಾದುದು ಏನನ್ನು? ಹುಡುಗನಾಗಿದ್ದಾಗ ಗಾಂಧಿಯವರೇ ಬರೆದ ಒಂದು ಚೀಟಿ ಇದಕ್ಕೆ ದಾರಿ ತೋರುತ್ತದೆ. ಸುಮಾರು 25 ರೂಪಾಯಿಗಳ ಸಾಲವನ್ನು ತೀರಿಸಲು ಅಣ್ಣನ ಕೈಕಡಗದ ಚೂರು ಚಿನ್ನವನ್ನು ಕದ್ದ ತಪ್ಪನ್ನು ಬಾಯಲ್ಲಿ ಹೇಳಲಾರದೆ, ಹದಿನೈದರ ಹುಡುಗ ಚೀಟಿಯಲ್ಲಿ ಬರೆದು ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತನು. ತಂದೆ ಎದ್ದು ಕುಳಿತು ಓದಿದರು. ಕಣ್ಣೀರಿನಿಂದ ಕಾಗದ ತೊಯ್ದಿತು. ಅದನ್ನು ಹರಿದುಹಾಕಿ ಮತ್ತೆ ಮಲಗಿದರು. ಆ ಚೀಟಿ ಈಗ ಇಲ್ಲ. ಅದರಲ್ಲಿ ಯಾವ ಮಾತುಗಳಿದ್ದಿರಬಹುದೆಂದು ಐದಾರು ವಾಕ್ಯಗಳಲ್ಲಿ ಬರೆಯೆಂದು ಮಗುವಿಗೆ ಹೇಳಿ ನೋಡಿ. 'ಮಹಾನ್', 'ಆದರ್ಶ' ಮುಂತಾದ ಪದಗಳಿಗೆ ಅಲ್ಲಿ ಸ್ಥಳವೇ ದೊರೆಯದು. ಅದನ್ನು ತಾಯಿತಂದೆಗಳು ಬರೆದುಕೊಟ್ಟರೆ ಒಡನೆಯೇ ಗೊತ್ತಾಗುತ್ತದೆ.

ಕನ್ನಡದಲ್ಲಿ ಬಾಲಕರಿಗಾಗಿ ಬಂದ ಚರಿತ್ರೆಗಳೇನೂ ಕಡಿಮೆಯಲ್ಲ. 1970ರ ದಶಕದಲ್ಲಿ ರಾಷ್ಟ್ರೋತ್ಥಾನದವರು ಎಲ್. ಎಸ್. ಶೇಷಗಿರಿ ರಾಯರ ಸಂಪಾದಕತ್ವದಲ್ಲಿ ಆರಂಭಿಸಿದ 'ಭಾರತ-ಭಾರತಿ' ಮಾಲೆ 500ಕ್ಕೂ ಹೆಚ್ಚು ಕಿರುಹೊತ್ತಗೆಗಳನ್ನು ಕೊಟ್ಟಿತು. ಒಂದು ಪೀಳಿಗೆಗೆ ಓದಿನ ರುಚಿ ಹತ್ತಿಸಿದ ಆ ಸಾಹಸವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಷ್ಟೊಂದು ಬಗೆಯ ಬದುಕುಗಳನ್ನು ಒಂದೇ ಅಳತೆಯಲ್ಲಿ ಹೇಳಹೊರಟಾಗ ಸಂತನೂ ವಿಜ್ಞಾನಿಯೂ ಸೇನಾನಿಯೂ ಒಂದೇ ಅಚ್ಚಿನಲ್ಲಿ ಎರಕವಾಗುವ ಅಪಾಯ ಇದ್ದೇ ಇದೆ. ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ' ನನಗೆ ಹೆಚ್ಚು ಹಿಡಿಸುವುದು ಇದೇ ಕಾರಣದಿಂದ. 2010ರಲ್ಲಿ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಈ ಪುಸ್ತಕದ ಹೆಸರಿನಲ್ಲಿರುವ 'ಆದ' ಎಂಬ ಎರಡಕ್ಷರದಲ್ಲಿಯೇ ಒಂದು ವಿಮರ್ಶೆ ಅಡಗಿದೆ. ಹುಟ್ಟುತ್ತಲೇ ಮಹಾತ್ಮನಾದವನಿಂದ ಮಗು ಕಲಿಯಬೇಕಾದುದೇನೂ ಇಲ್ಲ.

ಗಾಂಧಿಯವರ ಮಾತು ಹೀಗಾದರೆ, ವಡೋದರಾದಲ್ಲಿರುವ ನಮ್ಮವರ ಮಕ್ಕಳು ಡಾ. ಅಂಬೇಡ್ಕರರ ವಿಷಯವಾಗಿ ಸಂವಿಧಾನಶಿಲ್ಪಿಯೆಂಬ ಒಂದು ಬಿರುದನ್ನು ಬಲ್ಲರೇ ಹೊರತು, ತಾವು ಆಡುವ ಸಯಾಜಿ ಬಾಗಿಗೂ ಅವರಿಗೂ ಇರುವ ಸಂಬಂಧವನ್ನು ಅರಿಯರು. ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅಮೆರಿಕದಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದ ಈ ವಿದ್ವಾಂಸರಿಗೆ ಇರಲು ಮನೆ ದೊರೆಯಲಿಲ್ಲ. ಪಾರ್ಸಿ ಛತ್ರವೊಂದರ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರನ್ನಿತ್ತು ತಂಗಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಡಿಸಿದರು. ಸ್ನೇಹಿತರ ಮನೆಗಳಲ್ಲೂ ಆಸರೆ ಸಿಗದೆ, ಮುಂಬಯಿಯ ರೈಲಿನ ಹೊತ್ತಾಗುವವರೆಗೆ ಆ ಉದ್ಯಾನದಲ್ಲಿ ಕಾಲ ಕಳೆದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಕಿರುಬರಹದಲ್ಲಿ ಅವರು ಇದನ್ನೆಲ್ಲ ಒಂದು ಅಲಂಕಾರವೂ ಇಲ್ಲದೆ ದಾಖಲಿಸಿದ್ದಾರೆ. ಇಂಥ ಕಹಿಯನ್ನು ಮಕ್ಕಳಿಗೆ ಉಣಿಸಬೇಕೆ ಎನ್ನುವವರಿದ್ದಾರೆ. ಬಾಡಿಗೆಮನೆ ಹುಡುಕುವಾಗ ಮನೆಯೊಡೆಯನು ಮೊದಲು ಏನನ್ನು ಕೇಳುತ್ತಾನೆಂಬುದನ್ನು ವಲಸೆಗಾರರ ಮಕ್ಕಳು ಆಗಲೇ ಬಲ್ಲರು. ಅವರಿಗೆ ಈ ಪುಟಗಳು ಕಠಿಣವೆನಿಸಲಾರವು.

ಮುಂದಿನ ಸ್ಪರ್ಧೆಯ ವಿಷಯವನ್ನು 'ಮಹಾತ್ಮಾ ಗಾಂಧಿ' ಎಂದೋ 'ಡಾ. ಅಂಬೇಡ್ಕರ್' ಎಂದೋ ಇಡದೆ, ಇಂಥ ಒಂದು ಪ್ರಕರಣವನ್ನು ಗಟ್ಟಿಯಾಗಿ ಓದಿ ಹೇಳಿ, ಅಲ್ಲಿಯೇ ಕುಳ್ಳಿರಿಸಿ ಒಂದು ಪುಟ ಬರೆಯಿಸುವುದು ಒಳ್ಳೆಯದು. ತಂದೆತಾಯಿಗಳು ಆ ಅರ್ಧ ಗಂಟೆ ಹೊರಗೆ ಕಾಫಿ ಕುಡಿಯಲಿ. ಕಾಗುಣಿತದ ತಪ್ಪಿಗೆ ಅಂಕ ಕಳೆಯುವುದು ಬೇಡ.