ಇಲಿಯ ಚರ್ಮ, ಮನುಷ್ಯನ ಬೊಬ್ಬೆ

ಬುಲ್ಲಸ್ ಪೆಂಫಿಗಾಯ್ಡ್ ಹೆಚ್ಚಾಗಿ ಎಪ್ಪತ್ತರ ಆಸುಪಾಸಿನವರನ್ನು, ಅದಕ್ಕೂ ಹಿರಿಯರನ್ನು ಕಾಡುವ ಕಾಯಿಲೆ. ಮೊದಲು ತಡೆಯಲಾಗದ ತುರಿಕೆ, ಆಮೇಲೆ ನೀರು ತುಂಬಿ ಬಿಗಿದ ಬೊಬ್ಬೆಗಳು. ಹೊರಚರ್ಮವನ್ನು ಕೆಳಪದರಕ್ಕೆ ಹಿಡಿದಿಡುವ ಬಿಪಿ180 ಎಂಬ ಪ್ರೋಟೀನಿನ ಮೇಲೆ ದೇಹವೇ ಪ್ರತಿಕಾಯಗಳನ್ನು ಹೂಡುತ್ತದೆ. ಪ್ರತಿಕಾಯ ಹೋಗಿ ಅಂಟಿಕೊಳ್ಳುತ್ತದೆ, ನಿಜ. ಕತ್ತರಿಸುವವರು ಯಾರು?

1994ರಲ್ಲಿ ಒಂದು ಉತ್ತರ ಬಂತು: ಬೊಬ್ಬೆಯ ಜಾಗದಲ್ಲಿ ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಹೊರಹಾಕುವ ಜಿಲಾಟಿನೇಸ್-ಬಿ ಕಿಣ್ವಕ್ಕೆ ಬಿಪಿ180 ಅನ್ನು ತುಂಡರಿಸುವ ಶಕ್ತಿಯಿದೆ. ಅಮೆರಿಕದ ಝಿ ಲಿಯು ಮತ್ತು ಲೂಯಿಸ್ ಡಯಾಜ್ ತಂಡ 1998ರಲ್ಲಿ ಆ ಕಿಣ್ವವೇ ಇಲ್ಲದ ಇಲಿಮರಿಗಳಿಗೆ ಪ್ರತಿಕಾಯ ಚುಚ್ಚಿತು, ಬೊಬ್ಬೆ ಏಳಲಿಲ್ಲ. ಅಪರಾಧಿ ಸಿಕ್ಕಂತೆಯೇ ಕಂಡಿತು. ತಂಡ ಅಲ್ಲಿಗೆ ತೃಪ್ತಿಪಡದೆ ಮುಂದುವರಿದದ್ದೇ ಈ ಸಂಶೋಧನೆಯ ಹೆಚ್ಚುಗಾರಿಕೆ. ನ್ಯೂಟ್ರೋಫಿಲ್ ಎಲಾಸ್ಟೇಸ್ ಎಂಬ ಇನ್ನೊಂದು ಕಿಣ್ವವಿಲ್ಲದ ಇಲಿಗಳೂ ಪಾರಾದವು. 2000ರ ಹೊತ್ತಿಗೆ ಚಿತ್ರ ಹೊರಳಿತ್ತು: ಬಿಪಿ180 ಅನ್ನು ಕಡಿಯುವುದು ಎಲಾಸ್ಟೇಸ್, ಎಲಾಸ್ಟೇಸನ್ನು ಅಂಕೆಯಲ್ಲಿಡುವ ಆಲ್ಫಾ-1 ಪ್ರತಿಬಂಧಕವನ್ನು ಮುರಿದು ದಾರಿ ಬಿಡಿಸುವುದು ಜಿಲಾಟಿನೇಸ್. ಹಳೆಯ ಫಲಿತಾಂಶ ಹಾಗೇ ಉಳಿದು ಅದರ ಅರ್ಥ ಮಾತ್ರ ಬದಲಾಯಿತು. ಇಷ್ಟು ಅಚ್ಚುಕಟ್ಟಾದ ತರ್ಕ ಚರ್ಮವಿಜ್ಞಾನದಲ್ಲಿ ಅಪರೂಪ.

ಆ ಅಚ್ಚುಕಟ್ಟೇ ನನಗೆ ಅನುಮಾನ. ಮನುಷ್ಯರ ಪ್ರತಿಕಾಯ ಇಲಿಯ ಬಿಪಿ180ಕ್ಕೆ ಸರಿಯಾಗಿ ಹತ್ತುವುದಿಲ್ಲವೆಂದು ಮೊಲದಲ್ಲಿ ತಯಾರಾದ ಪ್ರತಿಕಾಯ ಬಳಸಿದರು. ಇಲಿಯಲ್ಲಿ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳದ್ದೇ ದರ್ಬಾರು. ರೋಗಿಯ ಬೊಬ್ಬೆಯಲ್ಲಿ ಎದ್ದು ಕಾಣುವುದು ಇಯೊಸಿನೋಫಿಲ್. ಮಾನವ ಬಿಪಿ180 ಹೊತ್ತ ಇಲಿಗಳಲ್ಲಿ ಮುಂದೆ, ಉರಿಯೂತ ಹೊತ್ತಿಸುವ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳ ನೆರವಿಲ್ಲದೆಯೂ ಬೊಬ್ಬೆ ಎದ್ದವು.

ಚಿಕಿತ್ಸೆಯ ಸಾಕ್ಷ್ಯವೂ ಅರ್ಧಂಬರ್ಧ. ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಜಿಲಾಟಿನೇಸ್‌ನಂಥ ಕಿಣ್ವಗಳನ್ನು ತಡೆಯುತ್ತದೆ. ಬ್ರಿಟನ್, ಜರ್ಮನಿಯ 253 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು ಪಡೆದವರಲ್ಲಿ ಆರು ವಾರಕ್ಕೆ ಶೇ. 74 ಮಂದಿಯ ಕಾಯಿಲೆ ಹತೋಟಿಗೆ ಬಂತು. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 91. ತೀವ್ರ ಅಡ್ಡಪರಿಣಾಮ ಮಾತ್ರ ಸ್ಟಿರಾಯ್ಡಿನ ಅರ್ಧದಷ್ಟು. ವೃದ್ಧ ರೋಗಿಗೆ ಇದು ದೊಡ್ಡ ಲಾಭ. ಆದರೆ ಆ ಮಾತ್ರೆಗೆ ಬೇರೆ ಗುಣಗಳೂ ಇರುವುದರಿಂದ ಕಿಣ್ವದ ವಾದಕ್ಕೆ ಇದನ್ನು ಪುರಾವೆ ಎನ್ನಲಾರೆ.

ಇಲಿಯ ಕಥೆಗೆ ಹೊಂದದ ಸಂಗತಿ ನಮ್ಮ ಔಷಧಿ ಅಂಗಡಿಗಳಲ್ಲೇ ಇದೆ. ಮಧುಮೇಹಕ್ಕೆ ಕೊಡುವ ಗ್ಲಿಪ್ಟಿನ್‌ಗಳು ಡಿಪಿಪಿ-4 ಎಂಬ ಕಿಣ್ವವನ್ನು ತಡೆಯುತ್ತವೆ; ಅವುಗಳಲ್ಲಿ ವಿಶೇಷವಾಗಿ ವಿಲ್ಡಾಗ್ಲಿಪ್ಟಿನ್ ಸೇವಿಸುವವರಲ್ಲಿ ಈ ಕಾಯಿಲೆಯ ಅಪಾಯ ಹೆಚ್ಚು. ಅಂದರೆ ಕಿಣ್ವವೊಂದನ್ನು ಕಟ್ಟಿಹಾಕಿದ್ದೇ ಇಲ್ಲಿ ಕಾಯಿಲೆಗೆ ಕಿಡಿಯಾಗಬಲ್ಲದು. ಪ್ರತಿಕಾಯವನ್ನು ಹೊರಗಿನಿಂದ ಚುಚ್ಚಿಸಿಕೊಂಡ ಇಲಿಮರಿಗಳನ್ನು, ಆ ಪ್ರತಿಕಾಯ ಮೊದಲು ಹುಟ್ಟಿದ್ದೇಕೆ ಎಂದು ಯಾರೂ ಕೇಳಿರಲಿಲ್ಲ.