ಕಪ್ಪೆಬಾಯಿ ಹಕ್ಕಿಯ ಮುಂದೆ ಸರತಿ ಸಾಲು

ದಾಂಡೇಲಿ, ಗಣೇಶಗುಡಿ ಕಡೆಗೆ ಕ್ಯಾಮೆರಾ ಹೊತ್ತು ಹೊರಡುವವರ ಪಟ್ಟಿಯಲ್ಲಿ ಕಪ್ಪೆಬಾಯಿ ಹಕ್ಕಿಯ ಹೆಸರು ಇದ್ದೇ ಇರುತ್ತದೆ. ಪಶ್ಚಿಮಘಟ್ಟ ಮತ್ತು ಶ್ರೀಲಂಕಾದ ಕಾಡು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಸಿಗದ ಹಕ್ಕಿ ಇದು. ಗಾತ್ರ ಸುಮಾರು ಗೊರವಂಕದಷ್ಟು. ಗಂಡು ಬೂದು, ಹೆಣ್ಣು ಕೆಂಗಂದು. ರಾತ್ರಿಯೆಲ್ಲ ಹುಳ ಹಿಡಿದು, ಹಗಲಿಡೀ ಪೊದೆಯ ಕೊಂಬೆಯಲ್ಲಿ ಜೋಡಿ ಮೈಗೆ ಮೈ ಒತ್ತಿಕೊಂಡು ಅಲುಗಾಡದೆ ಕೂರುತ್ತದೆ. ದಿನಗಟ್ಟಲೆ ಅದೇ ಕೊಂಬೆ. ‘ಸಿಗೋದು ಗ್ಯಾರಂಟಿ ಸಾರ್’ ಎನ್ನುವ ಮಾತು ಹುಟ್ಟುವುದು ಈ ಅಭ್ಯಾಸದಿಂದಲೇ.

ಗ್ಯಾರಂಟಿ ಬಂದ ಮೇಲೆ ಹುಡುಕಾಟ ಎಲ್ಲಿ ಉಳಿಯಿತು? ಜೀಪು ನಿಲ್ಲುತ್ತದೆ, ಗೈಡ್ ಬೆರಳು ತೋರಿಸುತ್ತಾನೆ, ದರ್ಶನಕ್ಕೆ ನಿಂತಂತೆ ಒಬ್ಬೊಬ್ಬರೇ ಮುಂದೆ ಹೋಗಿ ಕ್ಲಿಕ್ಕಿಸಿ ಬರುತ್ತಾರೆ. ಲೈಫರ್, ಅಂದರೆ ಜೀವನದಲ್ಲಿ ಮೊದಲ ಸಲ ಕಂಡ ಹಕ್ಕಿ, ಆಯಿತು, ಇನ್ನು ಕಾಕರಣೆ ಹಕ್ಕಿ ಎಲ್ಲಿ ಎನ್ನುತ್ತಾರೆ. ತಲೆಯ ಮೇಲೆ ಕಾಜಾಣ, ಭೀಮರಾಜ, ಚಿತ್ರಪಕ್ಷಿಗಳ ಬೇಟೆಯ ಗುಂಪೊಂದು ಗಲಾಟೆ ಮಾಡುತ್ತ ಸಾಗಿದರೂ ಬೈನಾಕ್ಯುಲರ್ ಎತ್ತುವವರಿಲ್ಲ. ಪಟ್ಟಿಯಲ್ಲಿ ಅವುಗಳಿಗೆ ಎಂದೋ ಟಿಕ್ ಬಿದ್ದಿರುತ್ತದೆ.

ನನ್ನ ದೊಡ್ಡ ತಕರಾರು ಆ ಫೋಟೊದ ಬಗ್ಗೆಯೇ. ಕೊಕ್ಕನ್ನು ಆಕಾಶಕ್ಕೆ ಎತ್ತಿ, ಕಣ್ಣನ್ನು ಸೀಳಿನಷ್ಟು ಕಿರಿದು ಮಾಡಿಕೊಂಡು, ಮೈಯನ್ನು ಬಿಗಿಯಾಗಿ ನೀಳ ಮಾಡಿದ ಹಕ್ಕಿ. ‘ಎಂಥಾ ಪೋಸ್!’ ಎಂದು ಎಲ್ಲರೂ ಮೆಚ್ಚುವ ಚಿತ್ರ. ಅದು ಪೋಸಲ್ಲ, ಹೆದರಿಕೆ. ಹಾರಿಹೋಗುವ ಬದಲು ಮುರಿದ ಕೊಂಬೆಯಂತೆ ನಟಿಸುವುದೇ ಈ ಹಕ್ಕಿಯ ರಕ್ಷಣೆ. ನೆಮ್ಮದಿಯಾಗಿದ್ದರೆ ಕೊಕ್ಕು ಮೇಲೆದ್ದಿರುವುದಿಲ್ಲ, ಫೋಟೊ ತೀರಾ ಸಪ್ಪೆ. ಅಂದರೆ ನಾವು ಲೈಕ್ ಒತ್ತುತ್ತಿರುವುದು ನಮ್ಮದೇ ಅತಿಕ್ರಮಣದ ದಾಖಲೆಗೆ.

ಗೂಡಿನ ಕಾಲದಲ್ಲಿ ಇದು ಬರೀ ಅಸಭ್ಯತೆಯಾಗಿ ಉಳಿಯುವುದಿಲ್ಲ. ಕೊಂಬೆಯ ಮೇಲೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮೆತ್ತೆ, ಅದರಲ್ಲಿ ಒಂದೇ ಒಂದು ಬಿಳಿ ಮೊಟ್ಟೆ. ಹಗಲು ಕಾವಿಗೆ ಕೂರುವುದು ಗಂಡು. ಅದನ್ನು ಎಬ್ಬಿಸಿದರೆ ಮೊಟ್ಟೆ ಬಯಲಿಗೆ ಬಿತ್ತೆಂದೇ ಲೆಕ್ಕ. ಮೊಬೈಲಿನಲ್ಲಿ ಕೂಗು ಹಾಕಿ ಕರೆಸುವ ಪ್ಲೇಬ್ಯಾಕ್ ಚಾಳಿಯೂ ಇಂಥದ್ದೇ. ಇಲ್ಲದ ಎದುರಾಳಿಯನ್ನು ಓಡಿಸಲು ಹಕ್ಕಿ ತನ್ನ ಹೊತ್ತು, ಶಕ್ತಿ ಎರಡನ್ನೂ ಕಳೆಯುತ್ತದೆ.

ಹಾಗೆಂದು ವ್ಯವಸ್ಥೆ ಮಾಡಿ ಹಕ್ಕಿ ತೋರಿಸುವುದೆಲ್ಲ ಕೆಟ್ಟದ್ದಲ್ಲ. ಗಣೇಶಗುಡಿಯ ತಂಗುದಾಣ ಓಲ್ಡ್ ಮ್ಯಾಗಜೀನ್ ಹೌಸ್‌ನಲ್ಲಿ ಹಕ್ಕಿಗಳಿಗೆಂದು ನೀರಿನ ತೊಟ್ಟಿಗಳಿವೆ. ಬೇಕಾದ ಹಕ್ಕಿ ಬೇಕೆನಿಸಿದಾಗ ಬಂದು ಮಿಂದು ಹೋಗುತ್ತದೆ. ಗುಡ್ಡ ಹತ್ತಲಾಗದ ಹಿರಿಯರೂ ಶಾಲೆಯ ಮಕ್ಕಳೂ ಕೂತಲ್ಲೇ ನೋಡಬಹುದು. ಅಲ್ಲಿ ಹೊತ್ತನ್ನು ಆರಿಸುವುದು ಹಕ್ಕಿ. ಕಪ್ಪೆಬಾಯಿಯ ಮುಂದಿನ ಸಾಲಿನಲ್ಲಿ ಆ ಆಯ್ಕೆ ನಮ್ಮ ಕೈಯಲ್ಲಿದೆ. ಇಷ್ಟು ವ್ಯತ್ಯಾಸ ಸಾಕು, ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಿಹಾಕಲು.

ಗೈಡುಗಳನ್ನು ದೂರಿ ಪ್ರಯೋಜನವಿಲ್ಲ. ಒಣಗಿದೆಲೆಗಳ ನಡುವೆ ಆ ಹಕ್ಕಿಯನ್ನು ಗುರುತಿಸುವ ಅವರ ಕಣ್ಣು ಯಾವ ಲೆನ್ಸಿಗಿಂತಲೂ ದೊಡ್ಡದು. ಗ್ಯಾರಂಟಿ ಕೇಳುತ್ತಿರುವವರು ನಾವು, ಹಕ್ಕಿ ಕಾಣದ ದಿನ ಮುಖ ಗಂಟಿಕ್ಕುವವರೂ ನಾವೇ. ಆದ್ದರಿಂದ ಮುಂದಿನ ಸಲ ಹೋದಾಗ ಜೀಪು ಹತ್ತುವ ಮೊದಲೇ ಹೇಳಿಬಿಡಿ: ಪ್ಲೇಬ್ಯಾಕ್ ಬೇಡ, ಗೂಡಿನ ಹತ್ತಿರ ಹೋಗುವುದು ಬೇಡ, ಕೊಕ್ಕು ಮೇಲೆದ್ದರೆ ತಕ್ಷಣ ಹಿಂದೆ ಸರಿಯೋಣ. ಕಪ್ಪೆಬಾಯಿ ಕಾಣಿಸದಿದ್ದರೂ ದಿನದ ದುಡ್ಡು ಪೂರ್ತಿ ಕೊಡುತ್ತೇನೆ ಎಂದೂ ಹೇಳಿ, ಕೊಡಿ.