ಎಲೆ ಮಡಿಸದೆ ಎದ್ದವರು: ಆರು ಸಾಲು, ಒಂದು ವ್ಯಾಖ್ಯಾನ

ಊಟ ಮತ್ತು ಊರುಗಳ ಬಗ್ಗೆ ಟಿ.ವಿ. ಕಾರ್ಯಕ್ರಮ ಮಾಡುತ್ತಿದ್ದ ಅಮೆರಿಕದ ಬಾಣಸಿಗ ಆಂಥನಿ ಬೋರ್ಡೇನ್ ನೆನಪಿಗೆ ನಾನು ಬರೆದ ಸಾಲುಗಳಿವು. ಅವರನ್ನು ನೋಡಿ ಬಲ್ಲವರಿಗೆ ವಿವರಣೆ ಬೇಕಿಲ್ಲ. ಉಳಿದವರು ಮೀನು ಯಾವುದು, ದೊರೆ ಯಾರು ಎಂದು ಕೇಳುತ್ತಾರೆ. ಪದ್ಯ ಬರೆದವನೇ ಟೀಕೆಗೂ ಕೂರುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ, ಆದರೂ ಇರಲಿ.

ಮುಸುರೆ ತೊಟ್ಟಿಯ ಮುಂದೆ ಮೊದಲಾಯ್ತು ಪಾಠ
ಸೋಮವಾರದ ಮೀನ ಗುಟ್ಟ ಬಿಚ್ಚಿಟ್ಟೆ
ಗಿಡ್ಡ ಸ್ಟೂಲಿನ ಮೇಲೆ ದೊರೆಯ ಕೂರಿಸಿದೆ
ಬಡಿಸಿದ್ದನುಂಡೆ ನೀ, ಬೆಂದ ಕೈ ಕಂಡೆ
ಸೊಪ್ಪು ತಿನ್ನುವರನ್ನು ಕೆಣಕಿ ನಗಿಸಿದ್ದೆ
ಎಲೆ ಮಡಿಸದೆದ್ದೆ ನೀ ಪಂಕ್ತಿಯಿರುವಾಗ

"ಮುಸುರೆ ತೊಟ್ಟಿಯ ಮುಂದೆ ಮೊದಲಾಯ್ತು ಪಾಠ"
ಮ್ಯಾಸಚೂಸೆಟ್ಸ್‌ನ ಕಡಲತೀರದ ಊರು ಪ್ರಾವಿನ್ಸ್‌ಟೌನ್. ಬೇಸಿಗೆಯಲ್ಲಿ ಅಲ್ಲಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗ ಅವರು. ಆಮೇಲೆ ವಾಸರ್ ಕಾಲೇಜು ಬಿಟ್ಟು, ಕ್ಯುಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕದಲ್ಲಿ ಅಡುಗೆ ಕಲಿತು 1978ರಲ್ಲಿ ಪಾಸಾದರು. ಸಾಲಿನಲ್ಲಿ ಆ ಸಂಸ್ಥೆಗೆ ಜಾಗ ಕೊಟ್ಟಿಲ್ಲ.

"ಸೋಮವಾರದ ಮೀನ ಗುಟ್ಟ ಬಿಚ್ಚಿಟ್ಟೆ"
ನ್ಯೂಯಾರ್ಕಿನ ಲೆ ಆಲ್ ಎಂಬ ಹೋಟೆಲಿನಲ್ಲಿ ಮುಖ್ಯ ಬಾಣಸಿಗರಾಗಿದ್ದಾಗ, 1999ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಗೆ ಒಂದು ಲೇಖನ ಬರೆದರು. ಅದು ಬೆಳೆದು ಮರುವರ್ಷ 'ಕಿಚನ್ ಕಾನ್ಫಿಡೆನ್ಶಿಯಲ್' ಪುಸ್ತಕವಾಯಿತು. ಸೋಮವಾರ ಹೋಟೆಲಿನಲ್ಲಿ ಮೀನು ಕೇಳಬೇಡಿ, ಅದು ವಾರಾಂತ್ಯಕ್ಕೆಂದು ತರಿಸಿ ಉಳಿದ ಮಾಲು ಎಂಬ ಎಚ್ಚರಿಕೆ ಮನೆಮಾತಾಯಿತು. ಕಾಲ ಬದಲಾಗಿದೆ, ಈಗ ಧಾರಾಳವಾಗಿ ತಿನ್ನಿ ಎಂದು ಮುಂದೆ ಅವರೇ ಹೇಳಿದರು. ಅದು ಯಾರ ಕಿವಿಗೂ ಬೀಳಲಿಲ್ಲ. ಪುಸ್ತಕದ ಇನ್ನೊಂದು ಸಾಲವೂ ತೀರಿಸಲು ಉಳಿದಿತ್ತು. ಬೈಗುಳ, ಕುಡಿತ, ಮಾದಕವಸ್ತುಗಳ ಅಡುಗೆಮನೆಯನ್ನು ಅದು ರಂಗಾಗಿ ತೋರಿಸಿತ್ತು. ಅಲ್ಲಿ ಹೆಂಗಸರು ಪಟ್ಟ ಪಾಡು 2017ರಲ್ಲಿ ಹೊರಬಂದಾಗ, ಆ ಗಂಡಾಳಿಕೆಗೆ ತನ್ನ ಬರವಣಿಗೆಯೂ ಇಂಬು ಕೊಟ್ಟಿತೆಂದು ಬಹಿರಂಗವಾಗಿ ಬರೆದರು. ಪುಸ್ತಕಕ್ಕಿಂತ ಆ ತಪ್ಪೊಪ್ಪಿಗೆಗೇ ನನ್ನ ಹೆಚ್ಚಿನ ಗೌರವ.

"ಗಿಡ್ಡ ಸ್ಟೂಲಿನ ಮೇಲೆ ದೊರೆಯ ಕೂರಿಸಿದೆ"
ದೊರೆ ಎಂದರೆ ಬರಾಕ್ ಒಬಾಮ. ಜಾಗ ಹನೋಯ್, 2016ರ ಮೇ ತಿಂಗಳು. ಒಂದು ಕಾಲಕ್ಕೆ ಅಮೆರಿಕದ ವಿಮಾನಗಳು ಬಾಂಬು ಸುರಿದಿದ್ದ ಊರದು. ವಿಯೆಟ್ನಾಮಿಗೆ ಶಸ್ತ್ರಾಸ್ತ್ರ ಮಾರಲು ಇದ್ದ ನಿಷೇಧವನ್ನು ತೆಗೆದುಹಾಕುವುದಾಗಿ ಅಧ್ಯಕ್ಷರು ಘೋಷಿಸಿದ್ದು ಆ ಭೇಟಿಯಲ್ಲೇ. ಸಂಜೆ ಬೋರ್ಡೇನ್ ಅಧ್ಯಕ್ಷರನ್ನು ಕರೆದೊಯ್ದದ್ದು ಬುನ್ ಚಾ ಮಾರುವ ಸಾದಾ ಹೋಟೆಲಿಗೆ: ಕೆಂಡದಲ್ಲಿ ಸುಟ್ಟ ಹಂದಿಮಾಂಸ, ಹುಳಿ-ಸಿಹಿಯ ತೆಳು ಸಾರು, ಅಕ್ಕಿ ಶಾವಿಗೆ, ಒಂದು ರಾಶಿ ಹಸಿ ಸೊಪ್ಪು. ಮೊಣಕಾಲು ಮಡಚಿ ಕೂರುವಷ್ಟು ಗಿಡ್ಡ ಪ್ಲಾಸ್ಟಿಕ್ ಸ್ಟೂಲು, ಸ್ಟೀಲಿನ ಮೇಜು, ಬಾಟಲಿಯಿಂದಲೇ ಬಿಯರ್. ಆರು ಡಾಲರ್ ಬಿಲ್ಲು, ಕೊಟ್ಟವರು ಬೋರ್ಡೇನ್. ಹಿಂದಿನ ಮೇಜಿನವರು ತಮ್ಮ ಪಾಡಿಗೆ ಉಣ್ಣುತ್ತಿದ್ದುದು ನನಗಿಷ್ಟ. ಹೋಟೆಲಿನವರು ಆಮೇಲೆ ಆ ಮೇಜಿಗೆ ಗಾಜಿನ ಪೆಟ್ಟಿಗೆ ಕಟ್ಟಿಸಿದರು. ಅಲ್ಲಿಗೆ ಯಾರೂ ಕೂತು ಉಣ್ಣದ ಮೇಜಾಯಿತು ಅದು!

"ಬಡಿಸಿದ್ದನುಂಡೆ ನೀ, ಬೆಂದ ಕೈ ಕಂಡೆ"
ಪದ್ಯದ ಹುರುಳೆಲ್ಲ ಈ ಸಾಲಿನಲ್ಲಿದೆ. ರುಚಿ ಹೇಳುವವರು ಟಿ.ವಿ.ಯಲ್ಲಿ ಬೇಕಾದಷ್ಟು ಜನ. ಬೋರ್ಡೇನ್ ಅವರ ವಿದ್ಯೆ ಬೇರೆ: ಕರೆದವರ ಮನೆಯಲ್ಲಿ ನೆಂಟನಾಗಿ ಕೂರುವುದು. ನಮೀಬಿಯಾದಲ್ಲಿ ಸಾನ್ ಬುಡಕಟ್ಟಿನವರು ಕಾಡುಹಂದಿಯ ಗುದದ ಕರುಳನ್ನು ಸರಿಯಾಗಿ ತೊಳೆಯದೆ, ಮರಳು-ಬೂದಿ ಮೆತ್ತಿದಂತೆಯೇ ಬಡಿಸಿದರು. ಹಿರಿಯ ತನ್ನ ಜನರ ಎದುರು ಕೊಟ್ಟ ತುತ್ತು. ಬೇಡ ಎಂದರೆ ಅವನಿಗೆ ಅವಮಾನ. ತಿಂದರು. ಆ ಪ್ರವಾಸದಿಂದ ಕಾಯಿಲೆ ಬಿದ್ದು ಮಾತ್ರೆಯನ್ನೂ ನುಂಗಿದರು. ಇದನ್ನು ಸಾಹಸವೆಂದು ಹೊಗಳುವವರಿದ್ದಾರೆ. ಸಾಹಸವಲ್ಲ, ಮರ್ಯಾದೆ.

ಸಾಲಿನ ಎರಡನೆಯ ಅರ್ಧಕ್ಕೆ ಕಾರಣ ನ್ಯೂಯಾರ್ಕ್. ಅಲ್ಲಿ ಫ್ರೆಂಚ್ ಊಟವೆಂದು ಜನ ದುಡ್ಡು ತೆರುವುದನ್ನು ಬೇಯಿಸುವವರು ಮೆಕ್ಸಿಕೋ, ಈಕ್ವೆಡಾರ್‌ಗಳಿಂದ ಬಂದವರು. ಎಣ್ಣೆ ಸಿಡಿದು, ಓವನ್ ತಟ್ಟಿ ಮುಂಗೈ ತುಂಬ ಕಲೆ. ಬೋರ್ಡೇನ್ ಅದನ್ನು ಮತ್ತೆ ಮತ್ತೆ ಹೇಳಿದರು. ತನ್ನ ಅಡುಗೆಯವರ ಊರು ನೋಡಲು ಮೆಕ್ಸಿಕೋದ ಪುಯೆಬ್ಲಾಕ್ಕೇ ಹೋದರು. ಈ ನೋಟ ಇನ್ನಷ್ಟು ಆಳವಾದದ್ದು ಲೆಬನಾನಿನ ಬೈರೂತಿನಲ್ಲಿ. 2006ರಲ್ಲಿ ಅಲ್ಲಿ ಚಿತ್ರೀಕರಣ ನಡೆದಿರುವಾಗಲೇ ಇಸ್ರೇಲ್-ಹಿಜ್ಬುಲ್ಲಾ ಯುದ್ಧ ಶುರುವಾಯಿತು. ಹೋಟೆಲಿನಲ್ಲಿ ಸಿಕ್ಕಿಕೊಂಡ ತಂಡವನ್ನು ಅಮೆರಿಕದ ಸೇನೆ ಹಡಗಿನಲ್ಲಿ ಹೊರತಂದಿತು. ಆಮೇಲಿನ ಅವರ ಕಾರ್ಯಕ್ರಮಗಳಲ್ಲಿ ತಟ್ಟೆಗಿಂತ ತಟ್ಟೆಯ ಸುತ್ತ ಕೂತವರ ಮಾತು ಹೆಚ್ಚಾಯಿತು.

"ಸೊಪ್ಪು ತಿನ್ನುವರನ್ನು ಕೆಣಕಿ ನಗಿಸಿದ್ದೆ"
ಸಸ್ಯಾಹಾರಿಗಳನ್ನು ಅವರು ಗೇಲಿ ಮಾಡಿದ್ದು ಅಷ್ಟಿಷ್ಟಲ್ಲ, ಕೆಲವೊಮ್ಮೆ ಅತಿಯಾಗಿಯೂ. 2014ರಲ್ಲಿ ಪಂಜಾಬಿನ ಕಂತು ಬಂತು. ಅಮೃತಸರದ ಢಾಬಾದಲ್ಲಿ ಕೂತು, ಇಂಥದ್ದಾದರೆ ಮಾಂಸವಿಲ್ಲದೆಯೂ ನಡೆಯುತ್ತದೆ ಎಂಬರ್ಥದ ಮಾತಾಡಿದರು. ಅವರ ಜಗಳ ಸೊಪ್ಪಿನ ಮೇಲಲ್ಲ, ಸಪ್ಪೆಯ ಮೇಲೆ ಎಂದು ನಾನು ರಾಜಿಯಾಗಿದ್ದೇನೆ.

"ಎಲೆ ಮಡಿಸದೆದ್ದೆ ನೀ ಪಂಕ್ತಿಯಿರುವಾಗ"
2018ರ ಜೂನ್ 8. ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಕೈಸರ್ಸ್‌ಬೆರ್ಗ್‌ನಲ್ಲಿ ತಮ್ಮ ಟಿ.ವಿ. ಕಾರ್ಯಕ್ರಮ 'ಪಾರ್ಟ್ಸ್ ಅನ್‌ನೋನ್' ಚಿತ್ರೀಕರಣಕ್ಕೆ ಬಂದಿದ್ದರು. ಜೊತೆಗೆ ಗೆಳೆಯ, ಬಾಣಸಿಗ ಎರಿಕ್ ರಿಪೇರ್. ಅಲ್ಲಿ ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ವಯಸ್ಸು 61. ಎಲ್ಲರ ಊಟ ಮುಗಿಯುವ ಮೊದಲು ಪಂಕ್ತಿಯಿಂದ ಏಳಬಾರದೆಂಬ ನಮ್ಮ ರೂಢಿ ಈ ಸಾಲಿನಲ್ಲಿದೆಯೇ ಹೊರತು ದೂರು ಇಲ್ಲ. ಅಷ್ಟು ಊರುಗಳ ನೋವನ್ನು ಕೂತು ಕೇಳಿದ ಮನುಷ್ಯನ ಒಳಗಿನದ್ದು ಕ್ಯಾಮೆರಾಕ್ಕೆ ಸಿಗಲಿಲ್ಲ. ಏಕೆ ಎಂಬ ಪ್ರಶ್ನೆಗೆ ಉತ್ತರ ಹೊಸೆಯುವುದು ವ್ಯಾಖ್ಯಾನಕಾರನ ಕೆಲಸವೂ ಅಲ್ಲ.

ಆ ವರ್ಷ ಕೊನೆಯ ಕಂತುಗಳು ಪ್ರಸಾರವಾದವು. ಹಾಸ್ಯಗಾರ ಕಮಾವು ಬೆಲ್ ಜೊತೆ ಕೀನ್ಯಾಕ್ಕೆ ಹೋದ ಕಂತಿನಲ್ಲಿ ಮಾತ್ರ ಅವರೇ ಬರೆದು ಓದಿದ ನಿರೂಪಣೆ ಪೂರ್ತಿ ಇದೆ. ಉಳಿದವನ್ನು ಸಿಕ್ಕ ಮಾತುಗಳಿಂದ, ಜೊತೆಗಿದ್ದವರ ನೆನಪುಗಳಿಂದ ಹೊಂದಿಸಿದ್ದಾರೆ. ಅವರನ್ನು ಹೊಸದಾಗಿ ನೋಡಲು ಹೊರಟವರು ಕೊನೆಯವನ್ನು ಹಿಡಿಯಬೇಡಿ. ಹನೋಯ್‌ನಿಂದ ಶುರುಮಾಡಿ, ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಕೂತುಕೊಳ್ಳಿ.